ಚಾರ್ಮಾಡಿ ಇಳಿಯುವ ಮುಂಚೆ

ಪ್ರೀತಿಯ ಪುಟ್ಟ,

ಕಾರಿನ ಬ್ರೇಕ್‌ಗೆ ಅಂತ ಹದಿನೈದು ಸಾವಿರ ಎತ್ತಿಟ್ಟಿದ್ದೇನೆ, ತೂತು ಕೊರೆದ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ದೊಡ್ಡ ಕ್ಯಾಲಿಪರ್ (ಆ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ) ಹಾಕಿಸಲಾ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಬೇಡ ಕಣೋ. ಆ ದುಡ್ಡಿಗೆ ಬೇರೆ ಕೆಲಸವಿದೆ.

ಬಣಕಲ್‌ನಿಂದ ಉಜಿರೆಗೆ ದಿನಾ ಹೋಗಿ ಬರುವವನು ನೀನು. ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಟ್ಟದ ಇಳಿಜಾರು, ಮಳೆಗಾಲದಲ್ಲಿ ಮಂಜು ಬೇರೆ. ನಿನ್ನ ಹಳೇ ಸ್ವಿಫ್ಟ್‌ಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಈಗಲೇ ಲಾಕ್ ಆಗಿ ಜಾರುತ್ತದೆ, ಅಲ್ವಾ? ಹಾಗಾದರೆ ಕಡಿಮೆ ಇರುವುದು ಬ್ರೇಕಿನ ಶಕ್ತಿಯಲ್ಲ, ಟಯರಿನ ಹಿಡಿತ. ಕ್ಯಾಲಿಪರ್ ಎಷ್ಟೇ ದೊಡ್ಡದಿರಲಿ, ಇನ್ನೂ ಬೇಗ ಲಾಕ್ ಆಗುತ್ತದೆ ಅಷ್ಟೇ. ಮುಂದಿನ, ಹಿಂದಿನ ಬ್ರೇಕಿನ ಹೊಂದಾಣಿಕೆಯೂ ಕೆಡುತ್ತದೆ. ತೂತಿನ ಡಿಸ್ಕ್ ಬಿಸಿಗೆ ತೂತಿನ ಅಂಚಿನಿಂದಲೇ ಬಿರುಕು ಬಿಡುವುದುಂಟು.

ಮೊದಲು ಟಯರ್ ನೋಡು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಟಯರಿನ ವಯಸ್ಸು ಅದರಲ್ಲಿ ತಿಳಿಯುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಾನೂನಿಗೆ ಟಯರಿನ ಗೀರು 1.6 ಮಿಲಿಮೀಟರ್ ಆಳವಿದ್ದರೆ ಸಾಕು. ನಮ್ಮ ಘಟ್ಟದ ಮಳೆಗೆ ಸಾಲದು, 3ಕ್ಕೆ ಬಂದಾಗಲೇ ಬದಲಿಸು. ಎರಡೇ ಕೊಳ್ಳಲು ಆಗುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸು. ತಿರುವಿನಲ್ಲಿ ಹಿಂಬದಿ ಜಾರಿದರೆ ಹಿಡಿಯುವುದು ಕಷ್ಟ.

ಆಮೇಲೆ ಬ್ರೇಕ್ ಆಯಿಲ್. ಇದನ್ನು ಯಾರೂ ಗಮನಿಸುವುದಿಲ್ಲ, ನಾನೂ ಗಮನಿಸಿರಲಿಲ್ಲ. ನಿನ್ನ ಅಮ್ಮನನ್ನೂ ಅಜ್ಜಿಯನ್ನೂ ಓಮ್ನಿಯಲ್ಲಿ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಘಟ್ಟವಿಡೀ ಬ್ರೇಕ್ ಮೇಲೇ ಕಾಲಿಟ್ಟು ಇಳಿದೆ. ಅರ್ಧ ದಾರಿಯಲ್ಲಿ ಪೆಡಲ್ ಸ್ಪಂಜಿನ ಹಾಗಾಯಿತು, ಇನ್ನೊಂದು ತಿರುವಿಗೆ ನೆಲ ಮುಟ್ಟಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ ಮಾತೇ ಆಡಲಿಲ್ಲ. ಅದು ಇವತ್ತಿಗೂ ಕಣ್ಣ ಮುಂದಿದೆ. ಅರ್ಧ ಗಂಟೆ ತಣ್ಣಗಾದ ಮೇಲೆ ಪೆಡಲ್ ತಾನಾಗಿ ಮೇಲೆ ಬಂತು.

ಆದದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿ. ಆವಿ ಅದುಮಿಕೊಳ್ಳುತ್ತದೆ, ಒತ್ತಡ ಚಕ್ರಕ್ಕೆ ಹೋಗುವುದೇ ಇಲ್ಲ. ನೀನು ಡಾಟ್ 4 ಹಾಕಿಸು, ಅದರ ಮಿತಿ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಡಾಟ್ 5 ಸಿಲಿಕಾನ್‌ನದು, ಅದು ಮಾತ್ರ ಬೇಡವೇ ಬೇಡ. ಸುಮ್ನೆ ಮೇಲಿಂದ ತುಂಬಿಸಿದರೆ ಆಗದು, ನಾಲ್ಕೂ ಚಕ್ರ ಬ್ಲೀಡ್ ಮಾಡಿಸಿ (ಹಳೇ ಆಯಿಲ್, ಗಾಳಿ ಹೊರಗೆ ಬಿಡಿಸಿ) ಪೂರ್ತಿ ಬದಲಿಸಬೇಕು. ಎರಡು ವರ್ಷಕ್ಕೊಮ್ಮೆ ಮಾಡಿಸು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜಾಸ್ತಿ ಲಾಭ ಬೇರೆ ಯಾವುದರಲ್ಲೂ ಇಲ್ಲ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ. ಅದಕ್ಕಿಂತ ಸವೆದಿದ್ದರೆ ಮಾಮೂಲಿ ಡಿಸ್ಕನ್ನೇ ಜೋಡಿಯಾಗಿ ಹಾಕಿಸು. ಡಿಸ್ಕನ್ನು ಒತ್ತುವ ಪ್ಯಾಡ್ ಒಳ್ಳೆಯ ಕಂಪನಿಯದಿರಲಿ. ರೇಸ್ ಪ್ಯಾಡ್ ಬೇಡ, ಬೆಳಿಗ್ಗೆ ತಣ್ಣಗಿರುವಾಗ ಅದು ಸರಿಯಾಗಿ ಹಿಡಿಯುವುದಿಲ್ಲ. ಕ್ಯಾಲಿಪರ್ ಜಾರಾಡುವ ಪಿನ್ ಬಿಚ್ಚಿಸಿ ಸಿಲಿಕಾನ್ ಗ್ರೀಸ್ ಹಚ್ಚಿಸು. ಸಾದಾ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ. ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಅದೂ ಹೊಸದಾಗಲಿ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ, ಅದನ್ನು ಒಳಗಿನಿಂದ ಒತ್ತುವ ಶೂ ಅಡ್ಜಸ್ಟ್ ಮಾಡಿಸು, ಹ್ಯಾಂಡ್‌ಬ್ರೇಕ್ ನಿಂತಿರುವುದೇ ಅದರ ಮೇಲೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡ, ಉಸಿರಿಗೆ ಕೆಟ್ಟದ್ದು.

ಹೊಸ ಪ್ಯಾಡ್ ಹಾಕಿಸಿದ ದಿನವೇ ಘಟ್ಟ ಇಳಿಯಬೇಡ. ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹದವಾಗಿ ಬ್ರೇಕ್ ಒತ್ತು. ಆಮೇಲೆ ತಣ್ಣಗಾಗಲು ಬಿಟ್ಟು ಓಡಿಸು.

ಇಳಿಯುವಾಗ ಎರಡನೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರ ಮಾತು ಕೇಳಬೇಡ. ಇಂಜಿನ್ ಆಫ್ ಮಾಡಿದರಂತೂ ಪೆಡಲ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದ ಒಂದೆರಡು ಒತ್ತಿಗೇ ಸಹಾಯ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ.

ಭಾನುವಾರ ಕೆಲಸ ಮಾಡಿಸುವುದಾದರೆ ನಾನೂ ಬರುತ್ತೇನೆ. ಬ್ಲೀಡ್ ಮಾಡುವಾಗ ಪೆಡಲ್ ಒತ್ತಲು ಒಬ್ಬರು ಬೇಕಲ್ಲ. ಹಳೇ ಪ್ಯಾಡನ್ನು ಬಿಸಾಡಬೇಡ. ಒಳಗಿನದೂ ಹೊರಗಿನದೂ ಒಂದೇ ಸಮ ಸವೆದಿವೆಯಾ ನೋಡೋಣ. ಒಂದು ಜಾಸ್ತಿ ಸವೆದಿದ್ದರೆ ಪಿನ್ ಕಚ್ಚಿಕೊಂಡಿರಬಹುದು.

ನಿನ್ನ ಪ್ರೀತಿಯ,
ಮಾವ