ಬಳಸಿ ಹೋಗಲು ಹೊರಟವರು, ಸುತ್ತಿ ಬಂದವರು

ಪ್ರೀತಿಯ ತಮ್ಮಾ,

ಹದಿನಾರನೇ ಶತಮಾನದ ನಾವಿಕ ಮೆಗೆಲನ್ ಬಗ್ಗೆ ನೀನು ಇಂಗ್ಲಿಷಿನಲ್ಲಿ ಬರೆದ ಲೇಖನ ಓದಿದೆ. ಪೆಸಿಫಿಕ್ ದಾಟುವಾಗ ನಾವಿಕರು ಹಾಯಿಕಂಬಕ್ಕೆ ಹೊದಿಸಿದ್ದ ತೊಗಲನ್ನು ಕಡಲ ನೀರಲ್ಲಿ ನೆನೆಹಾಕಿ, ಕೆಂಡದ ಮೇಲೆ ಸುಟ್ಟು ತಿಂದ ಭಾಗ ಮನಸ್ಸಿಗೆ ನಾಟಿತು. ಆದರೆ ಮೆಗೆಲನ್ ಭೂಮಿಯನ್ನು ‘ಸರ್ಕಮ್‌ವೆಂಟ್’ ಮಾಡಿದ ಎಂದಿದ್ದೀಯ. ನಿನಗೆ ಬೇಕಾಗಿದ್ದುದು ‘ಸರ್ಕಮ್‌ನ್ಯಾವಿಗೇಟ್’.

ಸರ್ಕಮ್‌ನ್ಯಾವಿಗೇಟ್ ಎಂದರೆ ಪೂರ್ತಿ ಒಂದು ಸುತ್ತು ಹಾಕುವುದು, ದ್ವೀಪವಾಗಲಿ, ಇಡೀ ಭೂಮಿಯಾಗಲಿ. ಸರ್ಕಮ್‌ವೆಂಟ್‌ಗೆ ಅಷ್ಟು ಬೇಕಿಲ್ಲ. ಅಡ್ಡಿಯನ್ನು ಬಳಸಿಕೊಂಡು ಆಚೆ ಹೋದರಾಯಿತು. ಈಗಂತೂ ಅದು ಹೆಚ್ಚಾಗಿ ಕಾನೂನು, ನಿರ್ಬಂಧ, ಸೆನ್ಸಾರ್ ಇವುಗಳ ಜೊತೆಯಲ್ಲೇ ಬರುತ್ತದೆ. ಎದುರಿಸದೆ ನುಣುಚಿಕೊಳ್ಳುವ ಜಾಣತನ ಅದರಲ್ಲಿದೆ.

ನನಗೆ ಬೇಸರವಾದದ್ದು ತಪ್ಪು ಪದಕ್ಕಲ್ಲ. ನಿನ್ನ ಲೇಖನದ ವಿಷಯದಲ್ಲಿ ಎರಡೂ ಪದಗಳಿಗೆ ಜಾಗವಿತ್ತು, ನೀನು ಗಮನಿಸಲಿಲ್ಲ. 1494ರ ಟಾರ್ಡೆಸಿಲ್ಲಾಸ್ ಒಪ್ಪಂದ ಅಟ್ಲಾಂಟಿಕ್‌ನಲ್ಲಿ ಗೆರೆ ಎಳೆದು ಮೂಡಣ ದಿಕ್ಕನ್ನು ಪೋರ್ಚುಗಲ್‌ಗೂ ಪಡುವಣವನ್ನು ಸ್ಪೇನ್‌ಗೂ ಹಂಚಿತ್ತು. ಆಫ್ರಿಕಾ ಬಳಸಿ ಬರುವ ದಾರಿ ಪೋರ್ಚುಗೀಸರ ಕೈಯಲ್ಲಿತ್ತು. ಲವಂಗ ಬೆಳೆಯುವ, ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳ ಮೇಲೆ ಸ್ಪೇನಿಗೂ ಕಣ್ಣು. ಅದಕ್ಕೇ 1519ರಲ್ಲಿ ಮೆಗೆಲನ್ ಸ್ಪೇನಿನ ಪರವಾಗಿ ಐದು ಹಡಗುಗಳೊಂದಿಗೆ ಪಶ್ಚಿಮಕ್ಕೆ ಹೊರಟ. ಪೋರ್ಚುಗಲ್ಲಿನ ಹಿಡಿತವನ್ನು ಸರ್ಕಮ್‌ವೆಂಟ್ ಮಾಡುವುದು ಅವನ ಲೆಕ್ಕ. ಭೂಮಿ ಸುತ್ತುವ ಸಂಕಲ್ಪ ಅಲ್ಲಿರಲಿಲ್ಲ.

1521ರಲ್ಲಿ ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದಲ್ಲಿ ನಡೆದ ಕಾಳಗದಲ್ಲಿ ಅವನು ಸತ್ತ. ಅವನ ತಂಡದ ಎಲ್ಕಾನೊ ವಿಕ್ಟೋರಿಯಾ ಹಡಗಿನಲ್ಲಿ ಪೋರ್ಚುಗೀಸರ ಕಡಲಲ್ಲೇ ಮರಳಿದ. ಪೋರ್ಚುಗೀಸರ ವಶದಲ್ಲಿದ್ದ ಕೇಪ್ ವರ್ಡ್ ದ್ವೀಪಗಳಲ್ಲಿ ಆಹಾರಕ್ಕೆಂದು ನಿಂತಾಗ, ಅಮೆರಿಕದಿಂದ ಬರುತ್ತಿದ್ದೇವೆ ಎಂದು ಸುಳ್ಳು ಹೇಳಿದರು. ಗುಟ್ಟು ರಟ್ಟಾಗಿ 13 ಮಂದಿ ಸೆರೆಸಿಕ್ಕರು. 1522ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಸ್ಪೇನ್ ಮುಟ್ಟಿದಾಗ, ಮೊದಲು ಹೊರಟವರಲ್ಲಿ ಅದರಲ್ಲಿ ಉಳಿದಿದ್ದವರು 18 ಜನ. ಸರ್ಕಮ್‌ನ್ಯಾವಿಗೇಟ್ ಮಾಡಿದವರು ಇವರು. ಆ ಪ್ರಯಾಣದಲ್ಲಿ ಸುತ್ತು ಮುಗಿಸದ ಮೆಗೆಲನ್‌ನನ್ನು ಆ ವಾಕ್ಯದ ಕರ್ತೃಪದ ಮಾಡಬೇಡ.

ಇನ್ನೊಂದು ಮಾತು. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ಅದು ಸರ್ಕಮ್‌ನ್ಯಾವಿಗೇಟ್. ದಾರಿಯಲ್ಲಿ ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ ಬಳಸಿ ಬಂದದ್ದಕ್ಕೆ ಈ ಎರಡೂ ಪದ ಬೇಡ. ಭೂಶಿರಕ್ಕೆ ಇಂಗ್ಲಿಷ್ ನಾವಿಕರು ‘ರೌಂಡ್’ ಎಂದಷ್ಟೇ ಅನ್ನುತ್ತಾರೆ.

ಲೇಖನದ ಮೊದಲ ಪ್ಯಾರಾವನ್ನು ಟಾರ್ಡೆಸಿಲ್ಲಾಸ್‌ನಿಂದ ಶುರುಮಾಡಿ ನೋಡು. ಬರೆದದ್ದನ್ನು ಕಳಿಸು, ಬಂದ ದಿನವೇ ಓದುತ್ತೇನೆ.

ನಿನ್ನ ಅಣ್ಣ