ಶ್ರೀಶೈಲಕ್ಕೆ ಹೊರಟ ಟ್ರಾಲಿ: ಸಾಮಾನು ತುಂಬಿ, ಮಂದಿ ತುಂಬಬೇಡಿ

ಸಂಪಾದಕರಿಗೆ ನಮಸ್ಕಾರ.

ಯುಗಾದಿ ಸಮೀಪಿಸಿದಂತೆ ಯಾದಗಿರಿ, ಶಹಾಪುರ, ಸುರಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಶ್ರೀಶೈಲ ಮಲ್ಲಯ್ಯನ ಕಂಬಿ, ಅಂದರೆ ದೇವರ ಕೋಲು ಹೊತ್ತ ಪಾದಯಾತ್ರೆ, ಹೊರಡುವ ತಯಾರಿ ಶುರುವಾಗುತ್ತದೆ. ನಡೆಯುವ ಹರಕೆ ಹೊತ್ತವರು ನಡೆಯುತ್ತಾರೆ. ಅವರ ಹಿಂದೆ ರೊಟ್ಟಿ, ಹಾಸಿಗೆ, ನೀರಿನ ಡ್ರಮ್ಮು ಹೊತ್ತ ಟ್ರ್ಯಾಕ್ಟರ್ ಇರುತ್ತದೆ. ನಡೆಯಲಾಗದ ಮುದುಕರು, ಕೂಸಿನ ತಾಯಂದಿರು, ಶಾಲೆ ತಪ್ಪಿಸಿದ ಮಕ್ಕಳು ಕೂಡ ಅದೇ ಟ್ರಾಲಿ ಹತ್ತುತ್ತಾರೆ. ಕಬ್ಬಿಣದ ಕಮಾನು ನಿಲ್ಲಿಸಿ ತಾಡಪತ್ರಿ ಹೊದಿಸಿದರೆ ಅದೇ ಹತ್ತು ದಿನದ ಮನೆ. ಮನೆ ಮಾಡಿಕೊಳ್ಳುವುದಕ್ಕೆ ತಕರಾರಿಲ್ಲ. ಗಾಡಿ ನಿಂತಾಗ ಅದಕ್ಕಿಂತ ಅನುಕೂಲದ ಬಿಡಾರ ಇನ್ನೊಂದಿಲ್ಲ. ತಕರಾರು ಇರುವುದು ಗಾಲಿ ಉರುಳುವಾಗ ಒಳಗೆ ಮಂದಿ ಕೂರುವುದಕ್ಕೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಟ್ರಾಲಿ ಇರುವುದು ಕೃಷಿ ಸಾಮಾನು ಸಾಗಿಸಲು. ಸರಕಿನ ವಾಹನದಲ್ಲಿ ಸುಮ್ಮನೆ ಕೂತು ಹೋಗುವವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಅಂದರೆ ಏನಾದರೂ ಆದರೆ ಆ ಭಾರ ಟ್ರ್ಯಾಕ್ಟರ್ ಮಾಲೀಕನ ಹೊಲಕ್ಕೆ ಬಂದು ಬೀಳುತ್ತದೆ. ‘ಇನ್ಶೂರೆನ್ಸ್ ಐತಲ್ಲ’ ಎನ್ನುವವರು ಪಾಲಿಸಿಯ ಕಾಗದವನ್ನು ಒಮ್ಮೆ ಓದಿಸಿಕೊಂಡು ಕೇಳಲಿ. ಟ್ರ್ಯಾಕ್ಟರಿನ ಆರ್‌ಸಿ (ನೋಂದಣಿ ಪತ್ರ) ಬೇರೆ, ಟ್ರಾಲಿಯದು ಬೇರೆ. ಎರಡರ ಕಾಗದವೂ ಜೊತೆಗಿರಬೇಕು. ದಾರಿಯಲ್ಲಿ ತೆಲಂಗಾಣ, ಆಂಧ್ರ ಎರಡೂ ಬರುತ್ತವೆ. ಅಲ್ಲಿ ತಪಾಸಣೆಗೆ ನಿಲ್ಲಿಸಿದವರಿಗೆ ನಮ್ಮೂರಿನ ಗುರುತು ಹೇಳಿ ಪ್ರಯೋಜನವಿಲ್ಲ.

ಈಗ ಯಂತ್ರದ ಮಾತು. 45–50 ಎಚ್‌ಪಿ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಖಾಲಿ ಟ್ರಾಲಿ ಒಂದೂವರೆಯಿಂದ 2 ಟನ್. ಅದರ ಮೇಲೆ ಹನ್ನೆರಡು ಮಂದಿಯ ಸಂಸಾರ, ನೀರು, ಕಾಳು-ಕಡಿ, ಸೌದೆ ಏರಿದರೆ ಇನ್ನೊಂದೂವರೆ ಟನ್. ಬ್ರೇಕ್ ಇರುವುದು ಮಾತ್ರ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ. ನಮ್ಮ ಕಡೆಯ ಬಹುತೇಕ ಟ್ರಾಲಿಗಳಿಗೆ ಬ್ರೇಕೇ ಇಲ್ಲ. 2 ಟನ್ನಿನ ಯಂತ್ರ ತನ್ನನ್ನೂ ನಿಲ್ಲಿಸಿಕೊಂಡು, ಹಿಂದಿನಿಂದ ದೂಡುವ ಮೂರೂವರೆ ಟನ್ನನ್ನೂ ನಿಲ್ಲಿಸಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 7 ಮೀಟರ್ ಓಡುತ್ತದೆ. ಎದುರಿಗೆ ಎಮ್ಮೆ ಕಂಡು ಕಾಲು ಪೆಡಲಿಗೆ ಹೋಗುವಷ್ಟರಲ್ಲೇ 10 ಮೀಟರ್ ದಾಟಿರುತ್ತದೆ. ಆದ್ದರಿಂದ ಟಾಪ್ ಗೇರಿನ ಓಟ ಬೇಡವೇ ಬೇಡ.

ಹೊಲದ ಕೆಲಸಕ್ಕೆಂದು ಎಡ ಬಲ ಬ್ರೇಕ್ ಪೆಡಲುಗಳನ್ನು ಬಿಡಿಬಿಡಿಯಾಗಿ ಇಟ್ಟಿರುತ್ತಾರೆ, ಸಾಲಿನ ಕೊನೆಗೆ ತಿರುಗಿಸಲು ಅದು ಬೇಕು. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಜೋಡಿಸುವ ಕೊಂಡಿ ಹಾಕದಿದ್ದರೆ ಗಾಬರಿಯಲ್ಲಿ ಒಂದೇ ಪೆಡಲು ಒತ್ತಿದಾಗ ಟ್ರ್ಯಾಕ್ಟರ್ ಗಕ್ಕನೆ ಒಂದು ಬದಿಗೆ ತಿರುಗುತ್ತದೆ, ಹಿಂದಿನ ಟ್ರಾಲಿ ನೇರ ನುಗ್ಗಿ ಅದನ್ನು ಮಗುಚುತ್ತದೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಆ ಕೊಂಡಿ ಮುರಿದು ಬಿದ್ದು, ಎಲ್ಲಿ ಹೋಯಿತೆಂದು ಕೇಳುವವರೂ ಇಲ್ಲ. ಕೊಂಡಿ ಹಾಕಿದ ಮೇಲೂ ಪರೀಕ್ಷೆ ಬೇಕು: ಖಾಲಿ ಮುರುಮ್ (ಗರಸು ಮಣ್ಣಿನ) ಜಾಗದಲ್ಲಿ ನಿಧಾನ ಓಡಿಸಿ ಬ್ರೇಕ್ ಒತ್ತಿ, ಇಳಿದು ನೆಲ ನೋಡಿ. ಎರಡೂ ಗಾಲಿಯ ಉಜ್ಜಿದ ಗುರುತು ಒಂದೇ ಉದ್ದ ಇರಬೇಕು. ಒಂದು ಕಡಿಮೆ ಇದ್ದರೆ ಆ ಬದಿಯ ಬ್ರೇಕ್ ಬಿಗಿ ಮಾಡಿಸದೆ ಹೊರಡಬೇಡಿ.

ಜೋಡಣೆಯ ಪಿನ್ನು ಇನ್ನೊಂದು. ವರ್ಷವಿಡೀ ಎಳೆದ ಪಿನ್ನಿನ ನಡು ಸವೆದು ಸಣ್ಣಗಾಗಿರುತ್ತದೆ, ಕೂಡುವ ಕಣ್ಣು ಅಗಲವಾಗಿ ಹೋಗಿರುತ್ತದೆ. ಪ್ರತಿ ಕುಣಿಗೂ ‘ಟಕ್’ ಎಂಬ ಸದ್ದು ಬಂದರೆ ಅದೇ. ಹೊಸ ಪಿನ್ನು, ಅದರ ಕೆಳಗೆ ಲಾಕ್ ಕ್ಲಿಪ್ಪು ಹಾಕಿ, ಮೇಲೊಂದು ಸುರಕ್ಷತೆಯ ಸರಪಳಿ ಟ್ರಾಲಿಯಿಂದ ಟ್ರ್ಯಾಕ್ಟರಿಗೆ ಬಿಗಿಯಿರಿ. ಕ್ಲಿಪ್ಪಿನ ಬದಲು ತಂತಿ ಸುತ್ತುವುದು ನಮ್ಮ ಕಡೆಯ ಹಳೆ ಚಾಳಿ. ತಂತಿ ಅಲುಗಾಟಕ್ಕೆ ತುಂಡಾಗುತ್ತದೆ, ಪಿನ್ನು ಮೇಲಕ್ಕೆ ಜಿಗಿಯುತ್ತದೆ. ಟ್ರಾಲಿಯನ್ನು ಟ್ರ್ಯಾಕ್ಟರಿನ ಕೆಳಗಿನ ಹುಕ್ಕಿಗೇ ಕಟ್ಟಬೇಕು, ಕುಂಟೆ ಕಟ್ಟುವ ಮೇಲಿನ ಲಿಂಕಿಗೆ ಎಂದಿಗೂ ಅಲ್ಲ. ಎತ್ತರದಿಂದ ಎಳೆದರೆ ಟ್ರ್ಯಾಕ್ಟರಿನ ಮೂತಿ ಏಳುತ್ತದೆ, ಏರಿನಲ್ಲಂತೂ ಹಿಂದಕ್ಕೆ ಮಗುಚಿಬಿಡುತ್ತದೆ. ಖಾಲಿ ಇರುವ ಲಿಂಕ್ ತೋಳುಗಳನ್ನು ಮೇಲೆತ್ತಿ ಕಟ್ಟಿ, ಇಲ್ಲದಿದ್ದರೆ ತಿರುವಿನಲ್ಲಿ ಟ್ರಾಲಿಯ ಮೂಕಿಗೆ (ಮುಂದೆ ಚಾಚಿದ, ಎಳೆಯುವ ಕಂಬಕ್ಕೆ) ತಾಗುತ್ತವೆ.

ಎರಡು ಗಾಲಿಯ ಟ್ರಾಲಿಯಲ್ಲಿ ಭಾರ ಎಲ್ಲಿ ಕೂರುತ್ತದೆ ಎಂಬುದೇ ಎಲ್ಲ. ಡ್ರಮ್ಮು, ಕಾಳಿನ ಚೀಲ ಎಕ್ಸಲ್ಲಿನ ಮೇಲೆ ಮತ್ತು ತುಸು ಮುಂದೆ ಇರಲಿ. ಪೂರ್ತಿ ಹಿಂದೆ ಹೇರಿದರೆ ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ತಪ್ಪುತ್ತದೆ, ಟ್ರಾಲಿ ಓಲಾಡುತ್ತದೆ. ಪೂರ್ತಿ ಮುಂದೆ ಹೇರಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಗಾಲಿಯದಕ್ಕೆ ಈ ಚಿಂತೆ ಕಡಿಮೆ, ಆದರೆ ಅದನ್ನು ಹಿಮ್ಮುಖ ಓಡಿಸುವುದು ಪಳಗಿದವರಿಗೂ ಕಷ್ಟ. ತಿರುಗಿಸುವ ಜಾಗ ನೋಡದೆ ಇಕ್ಕಟ್ಟಿನ ಓಣಿಗೆ ಮೂತಿ ಹಾಕಬೇಡಿ.

ಮನೆಯಾಗಬೇಕಾದ ಟ್ರಾಲಿ ತೊಟ್ಟಿ ಎತ್ತಿ ಸುರಿಯುವ ಹೈಡ್ರಾಲಿಕ್ ಆಗಿದ್ದರೆ ಒಂದು ಕೆಲಸ ಮರೆಯಬಾರದು. ಜೋಡಿಸಿದ ಪೈಪನ್ನು ಬಿಚ್ಚಿ, ತೊಟ್ಟಿಯನ್ನು ಚಾಸಿಗೆ ಪಿನ್ನು ಹಾಕಿ ಕಟ್ಟಬೇಕು. ಮಲಗಿದವರಿರುವಾಗ ಯಾವುದೋ ಹುಡುಗ ಲಿವರ್ ಎಳೆದರೆ ತೊಟ್ಟಿ ಮಣ್ಣು ಸುರಿಯುವಂತೆ ಮಂದಿಯನ್ನು ಸುರಿಯುತ್ತದೆ. ಕಮಾನಿನ ತುದಿ ನೆಲದಿಂದ 10 ಅಡಿ ದಾಟುವುದು ಬೇಡ. ಹಳ್ಳಿಗಳಲ್ಲಿ ಜೋತುಬಿದ್ದ ವಿದ್ಯುತ್ ತಂತಿ, ಬೇವಿನ ಕೊಂಬೆ ಎರಡೂ ಕಾಯುತ್ತಿರುತ್ತವೆ. ನಂದಿಕೋಲು, ಧ್ವಜದ ಕೋಲುಗಳನ್ನು ಟ್ರಾಲಿಯಲ್ಲಿ ನೆಟ್ಟಗೆ ಕಟ್ಟುವುದೂ ಇದೇ ಕಾರಣಕ್ಕೆ ಕೂಡದು, ಅಡ್ಡ ಮಲಗಿಸಿ ಒಯ್ಯಿರಿ. ಹೊರಸು, ಕಟ್ಟಿಗೆ ಬದಿಗೆ ತೂಗುಹಾಕಿದರೆ ಗಾಡಿಯ ಅಗಲ ಚಾಲಕನಿಗೇ ಗೊತ್ತಾಗುವುದಿಲ್ಲ. ಹಾಸಿಗೆಯಡಿ ಒಣ ಕಣಿಕೆ ಹರವುವ ರೂಢಿ ಬಿಟ್ಟು ಪ್ಲೈವುಡ್ ಹಲಗೆ ಹಾಕಿ. ಕಾಳಿನ ಚೀಲ ಕೆಳಗೆ, ಹಲಗೆ ಮೇಲೆ, ಅದರ ಮೇಲೆ ಜಮಖಾನೆ.

ಗ್ಯಾಸಿನ ವಿಷಯದಲ್ಲಿ ತುಸು ನಿಲ್ಲಬೇಕು. 14.2 ಕಿಲೋ ಗ್ಯಾಸಿನ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಮಲಗಿಸಿ ಒಯ್ಯಬಾರದು, ಮೂಲೆಗೆ ನೆಟ್ಟಗೆ ಕಟ್ಟಬೇಕು. ಗಾಡಿ ಹೊರಡುವಾಗ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಹೋಗುವುದಿಲ್ಲ. ನಾಲ್ಕು ಬದಿ ಗೋಡೆಯ ಟ್ರಾಲಿಯ ತಳದಲ್ಲಿ ತುಂಬಿ ನಿಲ್ಲುತ್ತದೆ, ತಾಡಪತ್ರಿ ಹೊದಿಸಿದ್ದರೆ ಇರುವ ಗಾಳಿಯೂ ಆಡುವುದಿಲ್ಲ. ಬೆಳಗಿನ ಚಹಾಕ್ಕೆ ಒಂದು ಕಡ್ಡಿ ಗೀರಿದರೆ ಸಾಕು. ಮಳೆ ಬರಲಿ, ಗಾಳಿ ಬೀಸಲಿ, ಒಲೆ ಟ್ರಾಲಿಯ ಹೊರಗೇ, ಹತ್ತು ಹೆಜ್ಜೆ ಆಚೆಗೇ ಇರಬೇಕು. ಪ್ಲಾಸ್ಟಿಕ್ ತಾಡಪತ್ರಿ ಉರಿದರೆ ಕರಗಿ ಮೈಮೇಲೆ ಬೀಳುತ್ತದೆ. ಹಾಗೆ ನೋಡಿದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ದಿನಕ್ಕೆ ಒಂದೇ ಸಲ ಒಲೆ ಹಚ್ಚಿದರೆ ಸಾಕು. ರೊಟ್ಟಿಯನ್ನು ಪೂರ್ತಿ ಆರಿಸಿ ಬಟ್ಟೆಯಲ್ಲಿ ಕಟ್ಟಿ ಬುಟ್ಟಿಗೆ ಹಾಕಿ; ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವತು ಬೂಷ್ಟು ಹಿಡಿಯುತ್ತದೆ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಿಡಿದರೆ ಹನ್ನೆರಡು ಮಂದಿಗೆ ದಿನಕ್ಕೆ 60 ಲೀಟರ್ ಬೇಕು, 200 ಲೀಟರಿನ ಡ್ರಮ್ಮು ಮೂರು ದಿನ. ದೊಡ್ಡ ಟ್ಯಾಂಕು ಒಯ್ಯುವವರು ಪೂರ್ತಿ ತುಂಬಿಸಿ ಇಲ್ಲವೇ ಖಾಲಿ ಇಡಿ, ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತದೆ.

ತೊಗರಿ ರಾಶಿ ಮುಗಿಸಿ ಹಾಗೇ ಹೊರಟ ಟ್ರ್ಯಾಕ್ಟರಿನ ಎಂಜಿನ್ ದಾರಿಯಲ್ಲಿ ಕಾದು ಬಿಸಿಯಾಗುವುದಕ್ಕೆ ಕಾರಣ ಹುಡುಕಬೇಕಿಲ್ಲ. ರೇಡಿಯೇಟರಿನ ಜಾಲಿಯಲ್ಲಿ ಹೊಟ್ಟು ಮೆತ್ತಿರುತ್ತದೆ. ಫ್ಯಾನಿನ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ, ಮುಂದಿನಿಂದ ಬಿಟ್ಟರೆ ಹೊಟ್ಟು ಇನ್ನೂ ಒಳಗೆ ಸೇರುತ್ತದೆ. ಏರ್ ಕ್ಲೀನರಿನ ಬಟ್ಟಲಿನ ಎಣ್ಣೆ ಕೆಸರಾಗಿರುತ್ತದೆ, ಬದಲಿಸಿ. ಹಿಂದಿನ ದೊಡ್ಡ ಗಾಲಿಗೆ ಹೊಲಕ್ಕೆಂದು ಇಟ್ಟ 12–14 ಪೌಂಡ್ ಗಾಳಿ ಡಾಂಬರಿನ ಮೇಲೆ ಭಾರ ಎಳೆಯಲು ಸಾಲದು, ಟ್ರ್ಯಾಕ್ಟರಿನ ಪುಸ್ತಕದಲ್ಲಿ ಸಾಗಣೆಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಟ್ರಾಲಿಯ ಗಾಲಿಯ ನಡುವಿನ ಹಬ್ಬಿಗೆ ಗ್ರೀಸ್ ತುಂಬಿಸಿ. ಹೊರಟು 20 ಕಿ.ಮೀ. ಆದ ಮೇಲೆ ನಿಲ್ಲಿಸಿ ಪ್ರತಿ ಹಬ್ಬನ್ನೂ ಕೈಯಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಬೇರಿಂಗ್ ಹೋಗುತ್ತಿದೆ. ಗಾಲಿಯ ನಟ್ಟುಗಳನ್ನೂ ಅಲ್ಲೇ ಇನ್ನೊಮ್ಮೆ ಬಿಗಿ ಮಾಡಿ. ಜಾಕು, ಪಾನಾ, ಒಂದು ಟ್ಯೂಬು, ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರ್, ಎರಡು ಪಿನ್ನು, ಗ್ರೀಸ್ ಗನ್ನು ಇಲ್ಲದೆ ಹೊರಡಬೇಡಿ.

ಭಜನೆಯ ಆಂಪ್ಲಿಫೈಯರನ್ನು ಟ್ರ್ಯಾಕ್ಟರಿನ ಬ್ಯಾಟರಿಗೇ ಸಿಕ್ಕಿಸುತ್ತಾರೆ. 100 ವಾಟಿನದು 12 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುತ್ತದೆ. 75 ಆಂಪಿಯರ್-ಅವರಿನ ಬ್ಯಾಟರಿ ನಾಲ್ಕು ತಾಸಿನಲ್ಲಿ ಅರ್ಧದ ಹತ್ತಿರ ಬರುತ್ತದೆ, ಜೊತೆಗೆ ಬಣ್ಣದ ದೀಪ ಸರವೂ ಇದ್ದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಮೈಕಿಗೆ ಬೇರೆ ಬ್ಯಾಟರಿ ತನ್ನಿ.

ದಾರಿ ಹೀಗೆ: ಯಾದಗಿರಿಯಿಂದ ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ ರಾಯಚೂರು, ಮುಂದೆ ತುಂಗಭದ್ರೆ ದಾಟಿ ಕರ್ನೂಲು, ಅಲ್ಲಿಂದ ನಂದಿಕೊಟ್ಕೂರು, ಆತ್ಮಕೂರು, ದೋರ್ನಾಲ, ಶ್ರೀಶೈಲ. ಕರ್ನೂಲಿನಿಂದಾಚೆಗೆ ಸುಮಾರು 180 ಕಿ.ಮೀ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮುನ್ನ ನಿಲ್ಲಿಸಿ, ಇಳಿಹೊತ್ತಿಗೆ ಮತ್ತೆ ಹೊರಟು ಸೂರ್ಯ ಮುಳುಗುವ ಮುನ್ನ ಬಿಡಾರ ಹೂಡಿ. ಹೀಗೆ ದಿನಕ್ಕೆ ನೂರು ಕಿ.ಮೀ. ಆದರೆ ಹೆಚ್ಚು. ನಡೆಯುವವರು ಆತ್ಮಕೂರಿನಾಚೆ ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು ಮೂಲಕ ಕಾಡಿನ ಕಾಲುದಾರಿ ಹಿಡಿಯುತ್ತಾರೆ, ಟ್ರಾಲಿ ಆ ದಾರಿಗೆ ಬರುವುದಿಲ್ಲ. ಅವರ ಹೆಗಲಿಗೆ ಎರಡು ದಿನದ ರೊಟ್ಟಿ, ನೀರು ಕೊಟ್ಟೇ ಕಳಿಸಬೇಕು. ದೋರ್ನಾಲದಿಂದ ಮೇಲಕ್ಕೆ ನಲ್ಲಮಲದ ಘಾಟಿ, ಹುಲಿ ಸಂರಕ್ಷಿತ ಕಾಡು, ರಾತ್ರಿ ಗೇಟು ಹಾಕುತ್ತಾರೆ. ನನ್ನ ಸಲಹೆ ಕೇಳಿದರೆ ಬ್ರೇಕಿಲ್ಲದ ಟ್ರಾಲಿಯನ್ನು ಘಾಟಿ ಹತ್ತಿಸಲೇಬೇಡಿ. ಆತ್ಮಕೂರಿನಲ್ಲೋ ದೋರ್ನಾಲದಲ್ಲೋ ಒಬ್ಬರನ್ನು ಕಾವಲಿಗೆ ಬಿಟ್ಟು ಬಸ್ಸು ಹಿಡಿಯಿರಿ. ದಾರಿಯಲ್ಲಿ ಬೇರೆ ಯಾವುದೇ ಇಳಿಜಾರು ಬಂದರೂ ಏರಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರನ್ನು ಇಳಿಯುವ ಮೊದಲೇ ಹಾಕಿರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಅಥವಾ ಕ್ಲಚ್ ಒತ್ತಿದರೆ ಟ್ರಾಲಿ ದೂಡಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ.

ಬಿಡಾರದ ಜಾಗ ಗಟ್ಟಿ ಮುರುಮ್ ನೆಲವಾಗಿರಲಿ. ಎರೆ ಹೊಲಕ್ಕೆ ಇಳಿಸಿದ ಮೇಲೆ ಒಂದು ಅಕಾಲ ಮಳೆ ಬಿದ್ದರೆ ಗಾಲಿ ಗುಂಬದವರೆಗೆ ಹೂತು, ಎಳೆಯಲು ಇನ್ನೆರಡು ಟ್ರ್ಯಾಕ್ಟರ್ ಬೇಕಾಗುತ್ತವೆ. ರಸ್ತೆಯ ಅಂಚಿನಲ್ಲಿ ಮಾತ್ರ ನಿಲ್ಲಬೇಡಿ. ಎರಡು ಗಾಲಿಯ ಟ್ರಾಲಿಯನ್ನು ಬಿಚ್ಚುವ ಮೊದಲು ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಮೂಕಿಗೆ ಸ್ಟ್ಯಾಂಡ್ ಕೊಡಿ, ಹಿಂಬದಿಗೂ ಒಂದು ಮರದ ದಿಮ್ಮಿ ಕೊಡಿ. ಇಲ್ಲದಿದ್ದರೆ ನಾಲ್ಕು ಮಂದಿ ಹಿಂದಿನ ಅಂಚಿಗೆ ಕೂತ ಕೂಡಲೇ ಮೂಕಿ ಆಕಾಶ ನೋಡುತ್ತದೆ. ನೆರಳಿದೆಯೆಂದು ಟ್ರಾಲಿಯ ಕೆಳಗೆ ಮಲಗುವುದನ್ನು ಯಾರು ಕಲಿಸಿದರೋ ತಿಳಿಯದು, ನಿಲ್ಲಿಸಬೇಕು.

ಹಾಗಾದರೆ ಮಂದಿ ಯಾವುದರಲ್ಲಿ ಹೋಗಬೇಕು? ನಾಲ್ಕು ಮನೆಯವರು ಕೂಡಿ ಒಂದು ಕ್ರೂಸರ್ ಜೀಪು ಬಾಡಿಗೆಗೆ ಹಿಡಿದು, ಟ್ರ್ಯಾಕ್ಟರಿನ ಮುಂದಿನ ಬಿಡಾರದಲ್ಲಿ ಕಾಯುವುದು ಒಂದು ದಾರಿ. ಟ್ರ್ಯಾಕ್ಟರಿನಲ್ಲಿ ಸೀಟು ಚಾಲಕನಿಗೆ ಒಂದೇ, ಮಡ್‌ಗಾರ್ಡ್ ಸೀಟಲ್ಲ. ಅಲ್ಲಿಂದ ಜಾರಿದ ಹುಡುಗ ನೇರ ದೊಡ್ಡ ಗಾಲಿಯಡಿಗೆ ಹೋಗುತ್ತಾನೆ. ಕ್ರೂಸರಿನ ಬಾಡಿಗೆ ಎಲ್ಲರ ಕೈಗೆ ನಿಲುಕುವುದಿಲ್ಲ ಎಂಬುದೂ ನಿಜ. ಅದಕ್ಕಾಗಿಯೇ ಈ ಪತ್ರ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಯುಗಾದಿಗೆ ಹದಿನೈದು ದಿನ ಮುಂಚಿನಿಂದ ತಾಲ್ಲೂಕು ಕೇಂದ್ರಗಳಿಂದ ಆತ್ಮಕೂರಿನವರೆಗೆ, ನಡೆಯುವವರ ಬಿಡಾರಗಳಲ್ಲಿ ನಿಂತು ಹೋಗುವ ಬಸ್ಸು ಬಿಡಲಿ. ಪ್ರಾದೇಶಿಕ ಸಾರಿಗೆ ಕಚೇರಿಯವರು ಮತ್ತು ಪೊಲೀಸರು ದಂಡ ಹಾಕಲು ಹೆದ್ದಾರಿಯಲ್ಲಿ ಕಾಯುವ ಬದಲು, ಕಂಬಿ ಹೊರಡುವ ಮುನ್ನ ಶಹಾಪುರ, ಯಾದಗಿರಿ, ಜೇವರ್ಗಿಯಲ್ಲಿ ಒಂದೊಂದು ದಿನ ತಪಾಸಣೆ ಶಿಬಿರ ಇಡಲಿ. ಪಿನ್ನು, ಬ್ರೇಕಿನ ಕೊಂಡಿ, ಹಿಂದಿನ ದೀಪ ನೋಡಲು ಒಂದು ಟ್ರ್ಯಾಕ್ಟರಿಗೆ ಹತ್ತು ನಿಮಿಷ ಸಾಕು. ಅಲ್ಲೇ 2 ಇಂಚು ಅಗಲದ ಹೊಳೆಯುವ ಟೇಪನ್ನು ಟ್ರಾಲಿಗೆ ಅಂಟಿಸಿ ಕಳಿಸಲಿ: ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಮಾಲೀಕರು ತಾಡಪತ್ರಿಯನ್ನು ಆ ಟೇಪಿನ ಮೇಲೆ ಇಳಿಬಿಡದೆ ಕಟ್ಟಲಿ.

— ಓದುಗ, ಯಾದಗಿರಿ