ಲಾಡಿಹುಳುವಿನ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಾಯಿತಲ್ಲ, ಇನ್ನೇನು ಭಯ ಎಂದುಕೊಳ್ಳಬೇಡಿ. ಒಂದು ಸಲ ನುಂಗುವ 400 ಮಿ.ಗ್ರಾಂ. ಆಲ್ಬೆಂಡಜೋಲ್ ಮುಖ್ಯವಾಗಿ ದುಂಡುಹುಳು, ಕೊಕ್ಕೆಹುಳುಗಳಿಗೆ. ಲಾಡಿಹುಳುವಿಗೆ ಅದನ್ನೇ ನಂಬಿ ಕೂರುವಂತಿಲ್ಲ.

ಲಾಡಿಹುಳು ಹೊಟ್ಟೆಯಲ್ಲಿದ್ದರೂ ಎಷ್ಟೋ ಜನರಿಗೆ ಏನೂ ಅನಿಸುವುದಿಲ್ಲ. ಕೆಲವರಿಗೆ ಹೊಟ್ಟೆನೋವು, ಓಕರಿಕೆ, ಹಸಿವಿನಲ್ಲಿ ಏರುಪೇರು. ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂಬುದೊಂದೇ ಗುರುತಲ್ಲ. ಮಲವನ್ನು ನೋಡಿ: ಬಿಳಿ, ಚಪ್ಪಟೆ, ಒಂದೆರಡು ಸೆಂ.ಮೀ. ಉದ್ದದ ತುಣುಕುಗಳು ಇರಬಹುದು, ಕೆಲವೊಮ್ಮೆ ಚಡ್ಡಿಯಲ್ಲೂ ಅಲುಗಾಡುತ್ತಿರುತ್ತವೆ. ಅದನ್ನು ಎಸೆಯದೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ದಾರದೆಳೆಯಂತೆ ಸಣ್ಣಗಿದ್ದು, ರಾತ್ರಿ ಗುದದ್ವಾರದಲ್ಲಿ ತುರಿಕೆಯೂ ಇದ್ದರೆ ಅದು ಬಹುತೇಕ ದಾರಹುಳು. ಅದರ ಚಿಕಿತ್ಸೆಯೇ ಬೇರೆ.

ಮಕ್ಕಳಲ್ಲಿ ಹೆಚ್ಚು ಕಾಣುವ ಕುಬ್ಜ ಲಾಡಿಹುಳುವಿನ ಉದ್ದ ಸುಮಾರು 4 ಸೆಂ.ಮೀ. ಒಳಗೇ. ಇದರ ತುಣುಕು ಕಣ್ಣಿಗೆ ಬೀಳುವುದು ಅಪರೂಪ, ಮಲಪರೀಕ್ಷೆಯೇ ಗತಿ. ಮೊಟ್ಟೆ ಪ್ರತಿದಿನ ಸಿಗುವುದಿಲ್ಲವಾದ್ದರಿಂದ ಬೇರೆ ಬೇರೆ ದಿನದ ಮೂರು ಮಾದರಿ ಕೊಡುವುದು ಒಳ್ಳೆಯದು.

ಔಷಧಿ ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್, ಲೆಕ್ಕ ಮಗುವಿನ ತೂಕದ ಮೇಲೆ. ದನ ಅಥವಾ ಹಂದಿಮಾಂಸದಿಂದ ಬರುವ ಹುಳುವಿಗೆ ಕಿಲೋಗೆ 5ರಿಂದ 10 ಮಿ.ಗ್ರಾಂ., ಕುಬ್ಜ ಹುಳುವಿಗೆ 25. ಅಂದರೆ 24 ಕಿಲೋ ಮಗುವಿಗೆ ಕುಬ್ಜ ಹುಳುವಾದರೆ 600 ಮಿ.ಗ್ರಾಂ., ಮತ್ತೊಂದಾದರೆ ಹೆಚ್ಚೆಂದರೆ 240. ಯಾವ ಹುಳು ಎಂದು ತಿಳಿಯದೆ ಅಂಗಡಿಯಿಂದ ಮಾತ್ರೆ ತಂದರೆ ಎಡವುವುದು ಇಲ್ಲೇ. ಕುಬ್ಜ ಹುಳುವಿನ ಮರಿಗಳು ಕರುಳಿನ ಗೋಡೆಯೊಳಗೆ ಉಳಿದುಕೊಳ್ಳಬಹುದು, ಹಾಗಾಗಿ ವೈದ್ಯರು ಕೆಲ ದಿನಗಳ ನಂತರ ಇನ್ನೊಮ್ಮೆ ಕೊಡಬಹುದು. ಅದರ ಮೊಟ್ಟೆ ಕೈಯಿಂದ ಬಾಯಿಗೆ ನೇರವಾಗಿ ಹರಡುವುದರಿಂದ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿ. ಔಷಧಿಯ ನಂತರ ಹುಳು ಕರಗಿ ಹೋಗಬಹುದು. ಮಲದಲ್ಲಿ ಕಾಣಲಿಲ್ಲವೆಂದು ಗಾಬರಿ ಬೇಡ. ಒಂದು ತಿಂಗಳಿಗೆ ಮರುಪರೀಕ್ಷೆ, ದನ ಅಥವಾ ಹಂದಿಮಾಂಸದಿಂದ ಬರುವ ಹುಳುವಾಗಿದ್ದರೆ ಮೂರು ತಿಂಗಳಿಗೆ ಮತ್ತೊಮ್ಮೆ.

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದಿದ್ದರೆ, ಬಿಡದ ತಲೆನೋವಿದ್ದರೆ, ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ಹೇಳಲೇಬೇಕು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಮರಿಗಳು ಮೆದುಳಿನಲ್ಲಿ ಗಂಟು ಕಟ್ಟಬಹುದು. ಈ ಔಷಧಿಯಿಂದ ಆ ಗಂಟು ಊದಿಕೊಂಡು ಫಿಟ್ಸ್ ಬರುವ ಅಪಾಯವಿದೆ. ಮಾಂಸ ತಿನ್ನದವರಿಗೂ ಇದು ಬರುತ್ತದೆ, ಏಕೆಂದರೆ ಆ ಮೊಟ್ಟೆ ಬರುವುದು ಮಾಂಸದಿಂದಲ್ಲ, ಹುಳುವಿರುವ ಮನುಷ್ಯರ ಮಲದಿಂದ. ಶೌಚದ ನಂತರವೂ ಅಡುಗೆಗೆ ಮೊದಲೂ ಸೋಪಿನಿಂದ ಕೈ ತೊಳೆಯಿರಿ, ಉಗುರು ಕತ್ತರಿಸಿ, ಮಾಂಸವನ್ನು ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ.

ಮಗುವಿಗೆ ಚಿಕಿತ್ಸೆ ನಡೆಯುತ್ತಿದ್ದರೆ ತರಗತಿ ಶಿಕ್ಷಕರಿಗೆ ತಿಳಿಸಿ. ಬೇರೆ ಮಕ್ಕಳೆದುರು ಆ ವಿಷಯ ಎತ್ತುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ